ಮುತ್ಯಾನ ಎಮ್ಮೆಗೆ ವೇದಿಕೆಯಿಲ್ಲ

ಸೆಪ್ಟೆಂಬರ್ 17ರ ಮುಕ್ತಿಸಂಗ್ರಾಮ ದಿನಕ್ಕೆಂದು ನಾನೊಂದು ಕಿರುನಾಟಕ ಬರೆದುಕೊಂಡು ಹೋಗಿದ್ದೆ. ಸಂಘಟಕರು ಎರಡು ಪುಟ ಓದಿ ವಾಪಸು ಕೊಟ್ಟರು. ಕನ್ನಡದಲ್ಲಿದೆ ಎಂಬುದು ಒಂದು ತಕರಾರು. ನಿಲಂಗಾದ ನಮಗೆ ಅದು ರೂಢಿಯಾದದ್ದೇ. ಅವರಲ್ಲಿ ಕನ್ನಡ ಬಲ್ಲ ಹಿರಿಯರೊಬ್ಬರ ಮಾತು ಮಾತ್ರ ನನ್ನನ್ನು ಕೆಣಕಿತು: “ರಜಾಕಾರರ ಕಾಲದ ಮ್ಯಾಲ ನಗಸೂದೇನ್ರೀ?”

ಕಥೆ ನಮ್ಮ ಮುತ್ಯಾನದು. 1948ರ ಬೇಸಿಗೆ, ನಿಲಂಗಾ ಆಗ ನಿಜಾಮರ ಬೀದರ ಜಿಲ್ಲೆಯ ತಾಲೂಕು. ಮುತ್ಯಾ ಎಮ್ಮೆ ಹೊಡೆದುಕೊಂಡು ಉಮರ್ಗಾ, ನಳದುರ್ಗದ ಹಾದಿ ಹಿಡಿದು ಸೊಲ್ಲಾಪುರದ ಕಡೆ ಹೊರಟ. ಯಾರು ತಡೆದರೂ ಒಂದೇ ಉತ್ತರ: “ಎಮ್ಮಿ ಬೆದಿಗಿ ಬಂದದ, ಕೋಣಕ್ಕ ಬಿಡ್ಲಿಕ್ಕ ಹೊಂಟೀನಿ ಸಾಹೇಬ್ರ.” ಗಡಿಯ ಕರೋಡಗಿರಿ ನಾಕಾದಲ್ಲಿ ಎಮ್ಮೆ ಮಲಗಿಬಿಟ್ಟಿತು. ಬಾಲ ತಿರುವಿ ಎಬ್ಬಿಸಿದವರು ನಾಕಾದ ಸಿಪಾಯಿಗಳೇ! ಮುತ್ಯಾನನ್ನು ಗಡಿ ದಾಟಿಸಿದ ಪುಣ್ಯ ನಿಜಾಮರ ನೌಕರರದು.

ಹೆಚ್ಚುಕಡಿಮೆ ಇದೇ ಕಥೆಯನ್ನು ಫ್ರೆಂಚರು 1959ರಲ್ಲೇ ಸಿನಿಮಾ ಮಾಡಿದ್ದಾರೆ: ಆನ್ರಿ ವೆರ್ನೋಯ್ ನಿರ್ದೇಶನದ ‘ಲಾ ವಾಶ್ ಎ ಲ ಪ್ರಿಸೊನಿಯೇ’, ಎಂದರೆ ‘ಹಸು ಮತ್ತು ಸೆರೆಯಾಳು’. ಜರ್ಮನಿಯ ಹೊಲದಲ್ಲಿ ದುಡಿಯುವ ಯುದ್ಧಕೈದಿ ಫೆರ್ನಾಂದೆಲ್, ಮಾರ್ಗರೀತ್ ಎಂಬ ಹಸುವಿನ ಹಗ್ಗವನ್ನೂ ಹಾಲಿನ ಬಕೆಟ್ಟನ್ನೂ ಹಿಡಿದು ಹಾಡಹಗಲೇ ನಡೆದುಬಿಡುತ್ತಾನೆ. ಹಸು ಹೊಡೆದುಕೊಂಡು ಹೋಗುವವನನ್ನು ಕೈದಿ ಎನ್ನುವವರಾರು? ಹೇಗೋ ಫ್ರಾನ್ಸ್ ಮುಟ್ಟಿದ ಮೇಲೆ, ಪೊಲೀಸರಿಗೆ ಹೆದರಿ ಹತ್ತಿದ ರೈಲು ಮತ್ತೆ ಜರ್ಮನಿಗೇ ಹೊರಟಿರುತ್ತದೆ. ಯುದ್ಧ ಮುಗಿದು ಬರೀ 14 ವರ್ಷ. 80 ಲಕ್ಷಕ್ಕೂ ಹೆಚ್ಚು ಟಿಕೆಟ್ಟು ಹೋದವು. ಅವರ ಮನೆಗಳಲ್ಲಿ ಯಾರೂ ಸತ್ತಿರಲಿಲ್ಲವೇ?

1948ರಲ್ಲಿ ಗೋರಟಾದಲ್ಲಿ ಹರಿದ ನೆತ್ತರನ್ನು ನಾನೂ ಮರೆತವನಲ್ಲ. ಆದರೆ ವೇದಿಕೆಯ ಗಂಭೀರ ಭಾಷಣಗಳು ಪೂರ್ತಿ ಸತ್ಯ ಹೇಳುತ್ತವೆಯೇ? ಪೊಲೀಸ್ ಕಾರ್ಯಾಚರಣೆಯ ಬಳಿಕ ಬಂದ ಪಂಡಿತ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಸತ್ತವರು 27ರಿಂದ 40 ಸಾವಿರವೆಂದು ಅಂದಾಜಿಸಿತು, ಬಹುಪಾಲು ಮುಸಲ್ಮಾನರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಬೀದರ ಎರಡೂ ಇವೆ. ವರದಿ ದಶಕಗಟ್ಟಲೆ ಕಪಾಟಿನಲ್ಲಿತ್ತು; ನಮ್ಮ ಭಾಷಣಗಳಲ್ಲಿ ಈಗಲೂ ಕಪಾಟಿನಲ್ಲೇ ಇದೆ. ಫ್ರೆಂಚ್ ನಗೆಯಲ್ಲೂ ಕಳ್ಳತನವಿದೆಯೆನ್ನಿ: ದಾರಿಯಲ್ಲಿ ಸಿಕ್ಕ ಜರ್ಮನ್ ರೈತರು ಬಹುಪಾಲು ಒಳ್ಳೆಯವರೇ, ಯಹೂದಿಗಳನ್ನು ಸಾಗಿಸಿದ ರೈಲು ಆ ಹಳಿಯ ಮೇಲೆ ಬರುವುದಿಲ್ಲ. ಅಂಥ ನಗೆ ನನಗೂ ಬೇಡ.

ನನ್ನ ನಾಟಕದ ಕೊನೆಗೆ ಮುತ್ಯಾ ದೀಪಾವಳಿಯ ಹೊತ್ತಿಗೆ ಎಮ್ಮೆಯೊಂದಿಗೆ ಮರಳುತ್ತಾನೆ. ನಾಕಾ ಬರಿದು. ಬಾಲ ತಿರುವಿದ ಸಿಪಾಯಿ ಇಲ್ಲ; ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಎಮ್ಮೆ ಅಲ್ಲೇ ಮಲಗುತ್ತದೆ, ಈ ಸಲ ಎಬ್ಬಿಸುವವರಿಲ್ಲ. ಆ ದೃಶ್ಯ ಎಂಟನೆಯ ಪುಟದಲ್ಲಿತ್ತು. ಅವರು ಓದಿದ್ದು ಎರಡೇ.

ಕಾಸರಗೋಡಿನ ಬಂಧುಗಳೇ, 1956ರ ನವೆಂಬರ್ 1ರಂದು ನಿಮ್ಮನ್ನು ಕೇರಳಕ್ಕೂ ನಮ್ಮನ್ನು ಮುಂಬಯಿ ರಾಜ್ಯಕ್ಕೂ ಬರೆದರು. ಆದರೂ ಕಯ್ಯೂರಿನ ಕಥೆಯನ್ನು ನಿರಂಜನರು ಕನ್ನಡದಲ್ಲಿ ‘ಚಿರಸ್ಮರಣೆ’ಯಾಗಿ ಬರೆದರೆ ಮಲಯಾಳಿಗಳು ತಮ್ಮದೆಂದೇ ಓದಿದರು. ಆ ಧೈರ್ಯದಿಂದ ಕೇಳುತ್ತೇನೆ. ನಾಟಕ ಒಂಬತ್ತು ಪುಟ. ನಿಮ್ಮ ಯಾವ ಶಾಲೆಗೆ ಬೇಕಾದರೂ ಕಳಿಸುತ್ತೇನೆ. ಎಮ್ಮೆಯ ಪಾತ್ರಕ್ಕೆ ಮಾತ್ರ ಇಬ್ಬರು ಗಟ್ಟಿ ಹುಡುಗರು ಬೇಕು.