ದೇವರ ಮುಂದೆ ಕೈ ಕಟ್ಟಲೇಬೇಕಾ?

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ರಾತ್ರಿಯಿಡೀ ರೈಲು, ಬೀದರಿನಲ್ಲಿ ಇಳಿದು ಔರಾದ್ ಬಸ್ಸು. ಅಲ್ಲಿ ಅಕ್ಕನ ಮನೆ.

ಅಕ್ಕನ ಮಗಳಿಗೆ ಏಳು ವರ್ಷ. ಅವಳ ಆಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಸಂಡೇ ಸ್ಕೂಲಿನಲ್ಲಿ ಪ್ರಾರ್ಥನೆ ಮಾಡು ಅಂದರೆ ಹುಡುಗಿ ಬಾಯೇ ಬಿಡುತ್ತಿರಲಿಲ್ಲವಂತೆ. ನಾನು ಹೋದ ದಿನ ಅಂಗಳದಲ್ಲಿ ಕೂತು ಮಣ್ಣಿನಲ್ಲಿ ಒಂದು ಹೊರಸು ಮಾಡಿದ್ದಳು. ಮೇಲೆ ಒಂದು ಗೊಂಬೆ, ಪಕ್ಕದಲ್ಲಿ ಇನ್ನೊಂದು. ಯಾರು ಇದು ಅಂತ ಕೇಳಿದೆ.

"ಯೇಸುಸ್ವಾಮಿ. ಆಯಿ ಒಬ್ಬಾಕೀನೇ ಮಲಗಿದ್ರ ಅಂಜ್ತಾಳ ಮಾಮಾ."

ಭಾನುವಾರ ಅದನ್ನೇ ರಟ್ಟಿನ ಮೇಲಿಟ್ಟುಕೊಂಡು ಹೋದಳು. "ಪ್ರಾರ್ಥನಾ ಅಂದ್ರ ಆಟ ಏನು? ಮೂರ್ತಿ ಮಾಡ್ಲತ್ತೀ? ಹೊರಗ ಬಿಸಾಕು" ಅಂದರಂತೆ. ಅಳುತ್ತಾ ಬಂದಳು.

ನನ್ನ ತಕರಾರು ಇಲ್ಲೇ. ಎರಡು ತಿಂಗಳಲ್ಲಿ ಆ ಮಗು ಮಾಡಿದ ಒಂದೇ ಒಂದು ಪ್ರಾರ್ಥನೆ ಅದು. ಅದನ್ನು ಬಿಸಾಕಿಸಿದ್ದೀರಿ!

ಮೂರ್ತಿ ಅನ್ನುವವರು ವಿಮೋಚನಕಾಂಡ ಪೂರ್ತಿ ಓದಲಿ. 20ನೇ ಅಧ್ಯಾಯ ಬೇಡ ಅನ್ನುವುದು ಅಡ್ಡಬಿದ್ದು ಪೂಜಿಸುವುದಕ್ಕೆ ಮಾಡಿಕೊಳ್ಳುವ ವಿಗ್ರಹ. ಅದೇ ಪುಸ್ತಕದ 31ನೇ ಅಧ್ಯಾಯದಲ್ಲಿ ದೇವರು ಬೆಚಲೇಲನಿಗೆ ತನ್ನ ಆತ್ಮವನ್ನು ಕೊಟ್ಟದ್ದು ಚಿನ್ನ, ಬೆಳ್ಳಿ, ಮರದ ಕೆಲಸ ಮಾಡಲಿಕ್ಕೆ. ನಮ್ಮ ಹುಡುಗಿ ಗೊಂಬೆಗೆ ಕೈ ಮುಗಿಯಲಿಲ್ಲ. ಬಾಯಿಂದ ಬಾರದ್ದನ್ನು ಕೈಯಿಂದ ಹೇಳಿದಳು, ಅಷ್ಟೇ. ಆದಿಕಾಂಡದ ದೇವರೂ ಮನುಷ್ಯನನ್ನು ಮಾಡಿದ್ದು ಮಣ್ಣಿಂದಲೇ. ಯೇಸು ಬಡಗಿ. ಕುರುಡನ ಕಣ್ಣಿಗೆ ಉಗುಳಿನಲ್ಲಿ ಮಣ್ಣು ಕಲಸಿ ಹಚ್ಚಿದವನು.

ಇದು ನಾನು ಹುಟ್ಟಿಸಿಕೊಂಡ ವಿಚಾರವೂ ಅಲ್ಲ. ಸೋಫಿಯಾ ಕವಲೆಟ್ಟಿ 1954ರಲ್ಲಿ ರೋಮಿನಲ್ಲಿ ಮಾಂಟೆಸೊರಿ ರೀತಿಯಲ್ಲಿ ಮಕ್ಕಳ ಕೈಗೆ ಕುರಿ, ಕುರುಬನ ಗೊಂಬೆ ಕೊಟ್ಟು ಶುರು ಮಾಡಿದರು. ಅದನ್ನು ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ 'ಗಾಡ್ಲಿ ಪ್ಲೇ' ಅಂತ ಬೆಳೆಸಿದರು. ಕಥೆ ಹೇಳಿ, ಉತ್ತರ ಒಪ್ಪಿಸು ಅನ್ನದೆ, ಮಣ್ಣು, ಬಣ್ಣ ಕೊಟ್ಟು ಬಿಡುವುದು. ನಮ್ಮಲ್ಲೇ ಬೆಂಗಳೂರಿನ ಹತ್ತಿರ ಸಿಲ್ವೇಪುರದಲ್ಲಿ ಜ್ಯೋತಿ ಸಾಹಿ ಆರ್ಟ್ ಆಶ್ರಮ ಕಟ್ಟಿದರು.

ಹಾಗಂತ ಬಣ್ಣದ ಪೆನ್ಸಿಲ್ ಕೊಟ್ಟು ಗಲಾಟೆ ನಿಲ್ಲಿಸುವುದನ್ನು ನಾನು ಪ್ರಾರ್ಥನೆ ಅನ್ನುವುದಿಲ್ಲ. ಅದು ಟೈಂಪಾಸ್. ಮಾಡಿದ್ದನ್ನು ತೋರಿಸುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು ಒಬ್ಬರು ಬೇಕು. ಕಷ್ಟ ಇರುವುದು ಅಲ್ಲಿ. ಬಾಯಿಪಾಠ ಒಪ್ಪಿಸಿಕೊಳ್ಳುವುದು ಸುಲಭ.

ಭಾಲ್ಕಿಯಲ್ಲಿ ನಾನೂ ಒಪ್ಪಿಸಿದವನೇ. ಬಹುಮಾನ ಬಂದ ಸ್ಟೀಲ್ ಡಬ್ಬಿ ಇನ್ನೂ ಅಮ್ಮನ ಅಡುಗೆಮನೆಯಲ್ಲಿದೆ. ವಾಕ್ಯ ಒಂದೂ ನೆನಪಿಲ್ಲ.

ಬೀದರಿನ ಬಿದರಿ ಕೆಲಸಗಾರರನ್ನು ನೋಡಿ. ಸತು, ತಾಮ್ರದ ಪಾತ್ರೆಯಲ್ಲಿ ಗೆರೆ ಕೊರೆದು ಬೆಳ್ಳಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ತಿಕ್ಕುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣಿಗೆ ಅಷ್ಟು ಕೆಲಸ ಕೊಡುವ ಜಿಲ್ಲೆಯಲ್ಲಿ ಮಗುವಿನ ಕೈಯ ಮಣ್ಣಿಗೆ ಜಾಗ ಇಲ್ಲವೇ?

ಮುಂದಿನ ಭಾನುವಾರ ಒಂದು ಪುಟ್ಟಿ ಮಣ್ಣು, ಒಂದು ಬಕೆಟ್ ನೀರು ಇಟ್ಟು ನೋಡಿ. ಕೈ ತೊಳೆಸುವ ಜವಾಬ್ದಾರಿ ನನ್ನದು.