ಗ್ರಾನೈಟಿಗಿಂತ ಮೊದಲು ವೈರು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈಗ ಯಾರ ಮನೆಗೆ ಹೋದ್ರೂ ಅಡುಗೆಮನೆ ರಿಪೇರಿ ಮಾತು. ಕಟ್ಟಿಗೆ ಒಲೆ ಇದ್ದ ಜಾಗದಲ್ಲಿ ಗ್ರಾನೈಟ್ ಕಟ್ಟೆ. ಅದರ ಬಣ್ಣಕ್ಕೆ ವಾರಗಟ್ಟಲೆ ಚರ್ಚೆ. ವೈರಿನ ಬಗ್ಗೆ? "ಅದನ್ನ ವೈರಿಂಗ್‌ನವಾ ನೋಡ್ಕೋತಾನ ಬಿಡ್ರಿ..." ಅಷ್ಟೇ.

ನಮ್ಮಲ್ಲೂ ಅದೇ ಆಗಿತ್ತು. "ಫ್ರಿಜ್ ಮುಟ್ಟಿದ್ರ ಜುಮ್ ಅಂತೈತಿ ನೋಡಪಾ" ಅಂತ ಅವ್ವ ಅಂದಾಗ, "ಚಪ್ಪಲಿ ಹಾಕ್ಕೊಂಡು ಮುಟ್ಟು" ಅಂದಿದ್ದೆ! ಆಮೇಲೆ ಬೋರ್ಡ್ ಬಿಚ್ಚಿಸಿದರೆ, ಸಾಕೆಟ್ಟಿನ ಮೂರನೇ ತೂತಿಗೆ ಹಿಂದೆ ವೈರೇ ಇರಲಿಲ್ಲ. ಈಗಲೂ ನಾಚಿಕೆ ಆಗುತ್ತೆ.

ಒಂದು ಸಣ್ಣ ಲೆಕ್ಕ. 2000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಹೆಚ್ಚುಕಮ್ಮಿ 8.7 ಆಂಪ್ ಎಳೆಯುತ್ತೆ. 1500 ವ್ಯಾಟಿನ ಕೆಟಲ್ 6.5, 1200 ವ್ಯಾಟಿನ ಓವನ್ 5.2. ಮೂರೂ ಒಂದೇ ಲೈನಿನಲ್ಲಿದ್ದರೆ 20 ಆಂಪ್ ದಾಟಿತು. 16 ಆಂಪಿನ ಎಂಸಿಬಿ ಬೀಳುತ್ತೆ, ಬೀಳಲೇಬೇಕು. ಆಗ ನಾವೇನು ಮಾಡ್ತೀವಿ? "ಪದೇ ಪದೇ ಬೀಳ್ತೈತ್ರಿ" ಅಂತ ಅದನ್ನ ತೆಗೆಸಿ 32 ಆಂಪಿಂದು ಹಾಕಿಸ್ತೀವಿ. ಬೀಳೋದು ನಿಲ್ಲುತ್ತೆ, ಗೋಡೆಯೊಳಗೆ ವೈರು ಕಾಯತೊಡಗುತ್ತೆ.

ನನ್ನ ಪ್ರಕಾರ ಟೈಲ್ಸ್ ಕೂಡಿಸೋ ಮೊದಲೇ, ಅಡುಗೆ ಮಾಡುವವರನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಯಾವುದು ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಗುರುತು ಹಾಕಬೇಕು. ಸಿಂಕಿನ ಹತ್ತಿರ, ಒಲೆಯ ಮೇಲೆ ಸಾಕೆಟ್ ಬೇಡ. ಇಂಡಕ್ಷನ್, ಓವನ್, ಗೀಸರ್‌ಗೆ ಮೇನ್ ಬೋರ್ಡಿನಿಂದಲೇ ಒಂದೊಂದು ಬೇರೆ ಲೈನು, ಪ್ರತಿಯೊಂದಕ್ಕೂ ಅದರದೇ 16 ಆಂಪ್ ಎಂಸಿಬಿ. ವೈರು ತಾಮ್ರದ್ದೇ ಇರಲಿ, 2.5 ಸ್ಕ್ವೇರ್ ಎಂ.ಎಂ.ಗಿಂತ ಕಡಿಮೆ ಬೇಡ.

ಇನ್ನೊಂದು ಮಾತು. ಎಂಸಿಬಿ ಕಾಯೋದು ವೈರನ್ನ, ಮನುಷ್ಯರನ್ನಲ್ಲ. ಮನುಷ್ಯರನ್ನ ಕಾಯೋಕೆ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕು. ಕರೆಂಟು ಅಷ್ಟು ಸೋರಿದರೂ ಸಾಕು, ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡಿಯುತ್ತೆ. ಗ್ರಾನೈಟಿಗೆ ಸುರಿಯೋ ದುಡ್ಡಿನ ಮುಂದೆ ಇದರ ಬೆಲೆ ಏನೂ ಅಲ್ಲ.

ಹಾಗೆಯೇ ಅರ್ಥಿಂಗ್. ನಮ್ಮದು ಎರೆಮಣ್ಣಿನ ನೆಲ. ಹಸಿ ಇದ್ದಾಗ ಕರೆಂಟನ್ನ ಚೆನ್ನಾಗಿ ಒಳಗೆಳೆದುಕೊಳ್ಳುತ್ತೆ. ಏಪ್ರಿಲ್-ಮೇನಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯೂ ಸೋಲುತ್ತೆ. ಬೇಸಿಗೆಯಲ್ಲಿ ತುಳಸಿ ಕಟ್ಟೆಗೆ ನೀರು ಹಾಕುವಾಗ ಆ ಗುಂಡಿಗೂ ಒಂದು ಕೊಡ ಹಾಕಿ.

ಇದೇ ನೆಲದ ಕೂಡಗಿ ಸ್ಥಾವರದ ಸಾಮರ್ಥ್ಯ 2400 ಮೆಗಾವ್ಯಾಟ್, ಆಲಮಟ್ಟಿಯದು 290. ಅಷ್ಟು ಕರೆಂಟು ಹುಟ್ಟಿಸೋ ನಾವು ನಮ್ಮನೆ ಗೋಡೆಯೊಳಗಿನ ನಾಲ್ಕು ಮಾರು ವೈರಿನಲ್ಲಿ ಎಡವಬಾರದಲ್ವಾ?

ನಿಮ್ಮ ಮನೆ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯಾ? ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತೆ. ಒತ್ತಿ ನೋಡಿ, ಬಿದ್ದರೆ ಕೆಲಸ ಮಾಡ್ತಿದೆ ಅಂತ. ಬೀಳದಿದ್ದರೆ ಇವತ್ತೇ ವೈರಿಂಗ್‌ನವರನ್ನ ಕರೀರಿ. ಆಮೇಲೆ ಬಂದು ಏನಾಯ್ತು ಅಂತ ಹೇಳಿ...