ಇಪ್ಪತ್ತಕ್ಕೆ ಮುದಿ, ಐವತ್ತಕ್ಕೆ ವಿಂಟೇಜ್: ನಡುವಿನ ಅಂಬಾಸಿಡರ್‌ಗೆ ಯಾರು ದಿಕ್ಕು?

ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಕಾಲಕ್ಕೆ ವರ್ತಕರ ಅಂತಸ್ತು ತಿಳಿಯುತ್ತಿದ್ದದ್ದು ಅಂಗಡಿ ಮುಂದೆ ನಿಂತ ಬಿಳಿ ಅಂಬಾಸಿಡರ್‌ನಿಂದ. ಗೋದಾಮಿನಲ್ಲಿ ಎಷ್ಟು ಮೂಟೆ ಇದೆ ಅನ್ನೋದು ಆಮೇಲಿನ ಮಾತು. ಆ ಕಾರುಗಳಲ್ಲಿ ಬಹುಪಾಲು ಗುಜರಿಗೆ ಹೋಗಿ ಆಯಿತು. ಉಳಿದ ಬೆರಳೆಣಿಕೆಯ ಕಾರುಗಳ ಮಾಲೀಕರು ಈಗ ಆರ್‌ಸಿ ಬುಕ್ಕು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾ ಕೂತಿದ್ದಾರೆ. ಇಟ್ಟುಕೊಳ್ಳೋದೋ, ಕೊಟ್ಟುಬಿಡೋದೋ?

ಅಕ್ಕಿ ವರ್ತಕರೊಬ್ಬರ ಮನೆಯ ಕಾರನ್ನೇ ತೆಗೆದುಕೊಳ್ಳಿ. 1982ರ ಜೂನ್‌ನಲ್ಲಿ ರಿಜಿಸ್ಟರ್ ಆದ ಅಂಬಾಸಿಡರ್ ಮಾರ್ಕ್ 4. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆ ಆದದ್ದು 1997ರಲ್ಲಿ. ದುಡ್ಡು ಕಟ್ಟಿ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಅಪ್ಪ ಕಾದು ತಂದ ಕಾರು. ಮೂರು ಮದುವೆಗೆ ಓಡಿದೆ, ಹೆರಿಗೆಗೆ ಓಡಿದೆ, ಕೊನೆಗೆ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಅದೇ. ಈಗ ಮಗನ ಕೈಯಲ್ಲಿದೆ. ಮೊಮ್ಮಗ ಹತ್ತಲು ನಾಚುತ್ತಾನೆ, ಆದರೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ನಾಚಿಕೆ ಇಲ್ಲ!

ಖಾಸಗಿ ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂವಲ್. ಇದೇ ಕಾರಿಗೆ 2017ರಲ್ಲಿ ಕಟ್ಟಿದ ಫೀಸು 600 ರೂಪಾಯಿ. 2022ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಅದನ್ನು 5,000ಕ್ಕೆ ಏರಿಸಿತು. ಆ ವರ್ಷದ ಜೂನ್‌ನಲ್ಲಿ ಗೊಣಗುತ್ತಲೇ ಕಟ್ಟಿದ್ದಾಯಿತು. 2025ರ ಆಗಸ್ಟ್‌ನಲ್ಲಿ ಮತ್ತೊಂದು ಆದೇಶ: 20 ವರ್ಷ ದಾಟಿದ ಕಾರಿಗೆ 10,000. ಬೈಕಿಗೆ 2,000. ಅಂದರೆ 2027ರ ಜೂನ್‌ಗೆ ಈ ಕಾರಿನ ರಿನ್ಯೂವಲ್ ಹತ್ತು ಸಾವಿರದ ಬಾಬತ್ತು. ಹತ್ತು ವರ್ಷದಲ್ಲಿ 600 ಹೋಗಿ 10,000! ಅಕ್ಕಿ ದರ ಹೀಗೆ ಏರಿದ್ದರೆ ಮಂಡಿಪೇಟೆ ಮುಂದೆ ಪೊಲೀಸ್ ವ್ಯಾನ್ ನಿಲ್ಲಿಸಬೇಕಾಗುತ್ತಿತ್ತು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ರಾಜ್ಯದ ಹಸಿರು ತೆರಿಗೆ ಬೇರೆ.

ಹಳೇ ಗಾಡಿ ಹೊಗೆ ಬಿಡುತ್ತದೆ, ರಸ್ತೆಯಿಂದ ಹೋಗಲಿ ಎಂಬುದು ಸರ್ಕಾರದ ವಾದ. ವಾದದಲ್ಲಿ ಹುರುಳಿಲ್ಲ ಅಂತ ಯಾರೂ ಅನ್ನುವುದಿಲ್ಲ. ಪಿ.ಬಿ. ರಸ್ತೆಯಲ್ಲಿ ಹಳೇ ಲಾರಿ ಹಿಂದೆ ಸ್ಕೂಟರ್ ಓಡಿಸಿದವರಿಗೆ ಅದರ ಅನುಭವ ಇದೆ. ಆದರೆ ತಿಂಗಳಿಗೆ ಎರಡು ಸಲ ದೇವಸ್ಥಾನಕ್ಕೆ ಹೋಗಿ ಬರುವ ಕಾರಿಗೂ ದಿನಾ ನೂರಾರು ಮೈಲಿ ಓಡುವ ಕಾರಿಗೂ ಒಂದೇ ಅಳತೆಯೇ? ಫೀಸು ಕೇಳುವುದು ವಯಸ್ಸನ್ನು, ಓಟವನ್ನಲ್ಲ.

ಇದೇ ಸರ್ಕಾರ ಹಳೇ ಕಾರನ್ನು ಗೌರವಿಸುವ ಇನ್ನೊಂದು ನಿಯಮವನ್ನೂ ಮಾಡಿದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಹೊಸದಾಗಿ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಲು 20,000, ಹತ್ತು ವರ್ಷಕ್ಕೆ. ಮುಂದಿನ ಸಲಕ್ಕೆ 5,000. ಹಳೇ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಅರ್ಧ ರಿಯಾಯಿತಿ. ಹೊರಗಿನಿಂದ ನೋಡಿದರೆ ಚೆನ್ನಾಗೇ ಇದೆ.

ಒಳಗೆ ಹೋದರೆ ತೊಡಕು ಕಾಣುತ್ತದೆ. ವಿಂಟೇಜ್ ಆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ಬಾಡಿಗೆಗೆ ಬಿಡುವಂತಿಲ್ಲ. ಇನ್ನೂ ದೊಡ್ಡ ಮಾತು, ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರಬಾರದು. ನಮ್ಮ ಕಡೆ ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ ಅಂಬಾಸಿಡರ್‌ಗಳು ಬೇಕಾದಷ್ಟು. ಅವು ನೂರು ವರ್ಷ ಬದುಕಿದರೂ ವಿಂಟೇಜ್ ಆಗುವುದಿಲ್ಲ.

ಅಕ್ಕಿ ವರ್ತಕರ ಕಾರಿನಲ್ಲಿ ಹುಟ್ಟಿದಾಗಿನ 1489 ಸಿಸಿ ಪೆಟ್ರೋಲ್ ಇಂಜಿನ್ನೇ ಇದೆ. ಆದರೆ 1982ರ ಕಾರು 2032ರವರೆಗೆ ವಿಂಟೇಜ್ ಅಲ್ಲ. ಇಪ್ಪತ್ತು ದಾಟಿದ್ದರಿಂದ ದುಪ್ಪಟ್ಟು ಫೀಸು, ಐವತ್ತು ಮುಟ್ಟದ್ದರಿಂದ ರಿಯಾಯಿತಿ ಇಲ್ಲ. ಊರುಗಳಲ್ಲಿ ಉಳಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಎಷ್ಟೋ ಈ ನಡುವಿನ ಮೂವತ್ತು ವರ್ಷದಲ್ಲೇ ಸಿಕ್ಕಿಬಿದ್ದಿವೆ. ಧರ್ಮಸ್ಥಳದ ಸಂಗ್ರಹದಲ್ಲಿ ಸಾಲಾಗಿ ನಿಂತ ಹಳೇ ಕಾರುಗಳನ್ನು ಜನ ಕಣ್ಣರಳಿಸಿ ನೋಡುತ್ತಾರಲ್ಲ, ಅವುಗಳೂ ಒಂದು ಕಾಲಕ್ಕೆ ಬರೀ ಮೂವತ್ತು, ನಲವತ್ತು ವರ್ಷದ ಹಳೇ ಕಾರುಗಳೇ ಆಗಿದ್ದವು. ಆ ವಯಸ್ಸಿನಲ್ಲಿ ಯಾರೋ ಕೈಬಿಡದೆ ಇಟ್ಟುಕೊಂಡದ್ದಕ್ಕೆ ಉಳಿದವು.

ಫೀಸು ಐದು ವರ್ಷಕ್ಕೊಮ್ಮೆ. ಮನೆ ಖರ್ಚು ಪ್ರತಿ ತಿಂಗಳಿನದು. ಅಂಬಾಸಿಡರ್ ಹುಟ್ಟಿದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. 2017ರಲ್ಲಿ ಹೆಸರೂ 80 ಕೋಟಿಗೆ ಫ್ರಾನ್ಸಿನ ಪ್ಯೂಜೋ ಕಂಪನಿ ಪಾಲಾಯಿತು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಪಾಯಿಂಟ್, ಕಂಡೆನ್ಸರ್, ಪ್ಲಗ್ ಇವೆಲ್ಲ ಸಿಗುತ್ತವೆ. ಸಿಗದಿರುವುದು ಅವನ್ನು ಕೂರಿಸುವ ಕೈ. ಮುಂದಿನ ಚಕ್ರದ ಜಾಯಿಂಟುಗಳಿಗೆ ಕಾಲಕಾಲಕ್ಕೆ ಗ್ರೀಸ್ ಹೊಡೆಯದಿದ್ದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ ಅನ್ನೋದು ಹೊಸ ಹುಡುಗರಿಗೆ ಗೊತ್ತೇ ಇಲ್ಲ. ಅವರು ಮೊದಲು ಹುಡುಕುವುದು ಕಂಪ್ಯೂಟರ್ ಸಿಕ್ಕಿಸುವ ಜಾಗ. ಕಾಲಿಡುವಲ್ಲಿ ತಗಡು ತುಕ್ಕು ಹಿಡಿದು ರಸ್ತೆ ಕಾಣತೊಡಗಿದರೆ ಟಿಂಕರಿಂಗ್ ಖರ್ಚಿಗೆ ತಳವೇ ಇಲ್ಲ.

ಅದರ ಮೇಲೆ ಈಗ ಪೆಟ್ರೋಲಿನದೇ ಪೀಕಲಾಟ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಾಗ ಹಳೇ ಇಂಜಿನ್‌ಗಳ ವಾಲ್ವ್ ಸೀಟು ಸವೆಯುತ್ತದೆಂಬ ಭಯವಿತ್ತು. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂತು. ಕಬ್ಬು ಬೆಳೆಗಾರರಿಗೆ ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಎಥೆನಾಲ್ ನೀರು ಹೀರುತ್ತದೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಅದನ್ನು ತಾಳಲು ಮಾಡಿದವಲ್ಲ. ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನೊಳಗೆ ತುಕ್ಕು, ಕಾರ್ಬೊರೇಟರ್‌ನಲ್ಲಿ ಕಸ. "ಸಾವ್ಕಾರ್ರೇ, ಪೈಪು ಎಲ್ಲಾ ಬದಲಾಯಿಸ್ರಿ, ಇಲ್ಲಾಂದ್ರೆ ಪೆಟ್ರೋಲ್ ಸೋರಿ ಒಂದಿನ ಬೆಂಕಿ ಕಾಣ್ತೀರಿ" ಅಂತ ಮೇಸ್ತ್ರಿ ಹೇಳಿದ್ದಾನೆ. ಬದಲಾಯಿಸಿದ್ದಾರೆ.

ಹಾಗಾದರೆ ಕೊಟ್ಟುಬಿಡೋಣ ಅಂದರೆ ಅದೂ ಸಲೀಸಲ್ಲ. ಸರ್ಕಾರದ ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಹೊಸ ಕಾರಿನ ಶೋರೂಂ ಬೆಲೆಯ ಶೇ. 4ರಿಂದ 6ರಷ್ಟು ಸಿಗಬಹುದು ಅಂತ ಗುಜರಿ ನೀತಿ ಹೇಳುತ್ತದೆ. ಅಂಬಾಸಿಡರ್‌ಗೆ ಶೋರೂಮೇ ಇಲ್ಲವಲ್ಲ ಸ್ವಾಮಿ! ಅಲ್ಲಿ ಕೊಡುವ ಸರ್ಟಿಫಿಕೇಟ್ ತೋರಿಸಿದರೆ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಅವಕಾಶವಿದೆ. ಹೊಸ ಕಾರು ಕೊಳ್ಳುವವರಿಗೆ ಅದು ಲಾಭ. ಕೊಳ್ಳದವರಿಗೆ ಬರೀ ಕಾಗದ.

ಇನ್ನು ಮನೆ ಬಾಗಿಲಿಗೇ ಬರುವ ಗಿರಾಕಿಗಳು. ಬೆಂಗಳೂರಿನಿಂದ, ಕೇರಳದಿಂದ ಹುಡುಗರು ಬರುತ್ತಾರೆ. ಕೆಲವರು ಪ್ರೀತಿಯಿಂದ ಕೊಳ್ಳುವವರು, ಕೆಲವರು ಮದುವೆ, ಸಿನಿಮಾ ಬಾಡಿಗೆಗೆ. ಕೈಗೆ ನಗದು ಕೊಟ್ಟು "ಹೆಸರು ಆಮೇಲೆ ಬದಲಾಯಿಸ್ಕೋತೀವಿ ಅಂಕಲ್" ಅನ್ನುತ್ತಾರೆ. ಅಂಗಡಿಯವರು ಎಚ್ಚರವಾಗಿರಬೇಕಾದ ಜಾಗ ಇದೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಕಾರು ಎಷ್ಟು ಕೈ ಬದಲಾದರೂ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದ್ದೇ. ಆ ಪ್ರಕರಣದಲ್ಲಿ ಮೊದಲ ಮಾಲೀಕ ಅಪಘಾತಕ್ಕೆ ಮುಂಚೆಯೇ ಕಾರು ಮಾರಿದ್ದ. ಅದು ಕೈಯಿಂದ ಕೈಗೆ ದಾಟಿತ್ತು. ಆದರೂ ತಪ್ಪಿಸಿಕೊಳ್ಳಲಾಗಲಿಲ್ಲ. ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿದರೆ ಸಾಲದು, ರಾಜ್ಯದೊಳಗಿನ ವ್ಯಾಪಾರವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯಕ್ಕೆ ಎನ್‌ಒಸಿ ಬೇಕು. ಬೀದಿ ಗುಜರಿಯವನಿಗೆ ತೂಕಕ್ಕೆ ಹಾಕಿದರೂ ಅಷ್ಟೇ, ರಿಜಿಸ್ಟ್ರೇಷನ್ ರದ್ದು ಮಾಡಿಸದಿದ್ದರೆ ನಿಮ್ಮ ನಂಬರ್ ಎಲ್ಲಿ ಯಾವ ಗಾಡಿಗೆ ಅಂಟಿಕೊಳ್ಳುತ್ತದೋ ಬಲ್ಲವರಾರು.

ಅಕ್ಕಿ ವರ್ತಕರ ಮನೆಯಲ್ಲಿ ಎರಡು ತಿಂಗಳು ಇದೇ ಚರ್ಚೆ ನಡೆಯಿತು. ಮಗ ಕೊಡೋಣ ಅಂದ, ಸೊಸೆ ಬೇಡ ಅಂದಳು. ಕೊನೆಗೆ ಅಮ್ಮನೇ, "ನಿಂತು ತುಕ್ಕು ಹಿಡಿಯೋದಕ್ಕಿಂತ ಯಾರಾದ್ರೂ ಓಡಿಸ್ಲಿ ಬಿಡ್ರೋ" ಅಂದರು. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಮಾತಾಯಿತು. ಅವರು ಅಂದೇ ಕಾರು ಒಯ್ಯುತ್ತೇನೆಂದರು. ವರ್ತಕರು ಒಪ್ಪಲಿಲ್ಲ. ಮುಂಗಡ ಇಸಕೊಂಡು, ಫಾರಂ ಕೊಟ್ಟು, ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೂ ಕೀಲಿಯನ್ನು ಗಲ್ಲಾಪೆಟ್ಟಿಗೆಯಲ್ಲೇ ಇಟ್ಟುಕೊಂಡರು. "ಇಷ್ಟು ಅನುಮಾನವೇನ್ರೀ ನಮ್ಮ ಮೇಲೆ?" ಅಂತ ಗಿರಾಕಿ ಕೇಳಿದ್ದಕ್ಕೆ, "ನಿಮ್ಮ ಮೇಲಲ್ಲ ಸಾರ್, ನಿಮ್ಮಿಂದ ಕೊಳ್ಳೋರ ಮೇಲೆ" ಅಂದರಂತೆ.

ಹೆಸರು ಬದಲಾಗಿ ಬಂದ ದಿನ ಕಾರು ಹೋಯಿತು. ಸ್ಟಾರ್ಟಿಂಗ್ ಹ್ಯಾಂಡಲ್ ಮಾತ್ರ ಮನೆಯಲ್ಲೇ ಉಳಿದುಬಿಟ್ಟಿತ್ತು. ಮರುದಿನ ಅದನ್ನು ಪಾರ್ಸೆಲ್ ಮಾಡಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು.